ಸ್ಪಾಕ್ ಪಕ್ಕದಲ್ಲೊಂದು ಬೆಕ್ಕಿನ ಫೋಟೋ

ಸಂಶೋಧನಾರ್ಥಿಗಳು ಆರು ತಿಂಗಳಿಗೊಮ್ಮೆ ತುಂಬಿಕೊಡಬೇಕಾದ ಪ್ರಗತಿ ವರದಿಯಲ್ಲಿ ‘ಆಸಕ್ತಿಯ ಕ್ಷೇತ್ರ’ ಎಂದು ಒಂದು ಸಾಲಿದೆ. ಒಂದೇ ಸಾಲು. ಕಳೆದ ಸಲ ನಾನು ಅದರಲ್ಲಿ ಮೂರು ವಿಷಯ ಬರೆದು, ಜಾಗ ಸಾಲದೆ ನಾಲ್ಕನೆಯದನ್ನು ಅಂಚಿಗೆ ತಳ್ಳಿದ್ದೆ. ಸಮಿತಿಯ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, “ನೋಡಮ್ಮಾ, ಪಿಎಚ್.ಡಿ. ಅಂದ್ರೆ ಒಂದು ಬಾವಿ ತೋಡೋದು. ನೀನು ಊರು ತುಂಬ ಗುಂಡಿ ತೋಡ್ತಿದೀಯ” ಅಂದರು. ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ಹಾಸ್ಟೆಲಿಗೆ ಬಂದು ಚಹಾ ಕುಡಿಯುವಾಗ ಸಿಟ್ಟು ಬಂತು.

ಯಾಕೆಂದರೆ ನಾನು ಓದುತ್ತಿರುವುದು ಊರು ತುಂಬ ಗುಂಡಿ ತೋಡಿದವರನ್ನೇ. ಅಮೆರಿಕ, ಬ್ರಿಟನ್ನುಗಳ ವೈಜ್ಞಾನಿಕ ಕಲ್ಪನೆಯ ಟಿ.ವಿ. ಧಾರಾವಾಹಿಗಳ ಅಭಿಮಾನಿಗಳು ಅಂತರ್ಜಾಲದ ಮೊದಮೊದಲ ವರ್ಷಗಳಲ್ಲಿ ಏನೇನು ಬರೆದಿಟ್ಟರು ಎನ್ನುವುದು ನನ್ನ ವಿಷಯ. ಈ ವಿಷಯ ಹೇಳಿದಾಗ ಸಿಗುವ ಪ್ರತಿಕ್ರಿಯೆಗಳಲ್ಲಿ ಎರಡು ಬಗೆ. ಒಂದು, “ಓ, ಟೈಂಪಾಸ್ ಮೇಲೆ ಪಿಎಚ್.ಡಿ.!” ಎನ್ನುವುದು. ಇನ್ನೊಂದು, “ಒಳ್ಳೇದು, ಫ್ಯಾನ್‌ಗಳೆಂದರೆ ಗ್ರಾಹಕರು, ಬಂಡವಾಳಶಾಹಿಯ ಬಲಿಪಶುಗಳು, ಅದನ್ನು ತೋರಿಸಿ” ಎನ್ನುವುದು. ಮೊದಲನೆಯವರ ಜೊತೆ ನನಗೆ ಜಗಳವಿಲ್ಲ, ಅವರು ಬೇಗ ಬೇರೆ ಮಾತಿಗೆ ಹೋಗುತ್ತಾರೆ. ಈ ಬರಹ ಎರಡನೆಯವರ ಜೊತೆಗಿನ ಜಗಳ. ಸ್ವಲ್ಪ ನನ್ನ ಜೊತೆಗೂ.

ಮೊದಲು ಆ ಗುಂಡಿಗಳನ್ನು ತೋರಿಸುತ್ತೇನೆ. 1990ರ ದಶಕದ ಮಧ್ಯದಲ್ಲಿ ಜಿಯೋಸಿಟೀಸ್ ಎಂಬ ಅಮೆರಿಕದ ಕಂಪನಿ ಯಾರು ಬೇಕಾದರೂ ಅಂತರ್ಜಾಲದಲ್ಲಿ ಪುಕ್ಕಟೆ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟಿತು. ಸೈಟು ಹಂಚಿದ ಹಾಗೆ ಬಡಾವಣೆಗಳನ್ನು ಮಾಡಿತ್ತು. ಸಿನಿಮಾದವರಿಗೆ ‘ಹಾಲಿವುಡ್’, ಮನೆ-ಸಂಸಾರದವರಿಗೆ ‘ಹಾರ್ಟ್‌ಲ್ಯಾಂಡ್’, ವೈಜ್ಞಾನಿಕ ಕಲ್ಪನೆ ಮತ್ತು ಅದ್ಭುತ ಕತೆಗಳವರಿಗೆ ‘ಏರಿಯಾ 51’. ನೆವಾಡಾದಲ್ಲಿರುವ, ಹಾರುವ ತಟ್ಟೆಗಳ ದಂತಕತೆಗಳಿಗೆ ಹೆಸರಾದ ಸೇನಾ ನೆಲೆಯ ಹೆಸರು ಅದು. ಬಡಾವಣೆಯ ಹೆಸರು, ಮನೆ ನಂಬರು ಸೇರಿದರೆ ನಿಮ್ಮ ವಿಳಾಸ.

ಆ ಮನೆಗಳೊಳಗೆ ಏನಿತ್ತು? ಕಪ್ಪು ಹಿನ್ನೆಲೆಯ ಮೇಲೆ ನಕ್ಷತ್ರಗಳು, ಕಣ್ಣಿಗೆ ಚುಚ್ಚುವ ಹಳದಿ ಅಕ್ಷರ. ‘ಕೆಲಸ ನಡೆಯುತ್ತಿದೆ’ ಎಂದು ಗುದ್ದಲಿ ಆಡಿಸುತ್ತಿರುವ ಪುಟ್ಟ ಕೂಲಿಯಾಳಿನ ಚಿತ್ರ. ಬಂದವರು ಎಷ್ಟು ಜನ ಎಂದು ಎಣಿಸುವ ಯಂತ್ರ, ಸಹಿ ಹಾಕಲು ಅತಿಥಿ ಪುಸ್ತಕ. ಆಮೇಲೆ ‘ನನಗೆ ಇಷ್ಟವಾದವು’ ಎಂಬ ಪಟ್ಟಿ: ಸ್ಟಾರ್ ಟ್ರೆಕ್, ಎಕ್ಸ್-ಫೈಲ್ಸ್, ಬ್ಯಾಬಿಲಾನ್ 5. ಪ್ರತಿ ಕಂತಿನ ಬಗ್ಗೆ ಎರಡು ಸಾಲಿನಿಂದ ಎರಡು ಪುಟದವರೆಗೆ ಅಭಿಪ್ರಾಯ. ಮಲ್ಡರ್-ಸ್ಕಲ್ಲಿಯರ ನಡುವೆ ಪ್ರೀತಿ ಇರಬೇಕೋ ಬೇಡವೋ ಎಂಬ ವಾದ. ಸ್ವಂತ ಕತೆ. ಇಷ್ಟಕ್ಕೇ ನಿಲ್ಲುವುದಿಲ್ಲ. ಕೆಳಗೆ ಸರಿದರೆ ಬೆಕ್ಕಿನ ಫೋಟೋ, ಆ ಬೆಕ್ಕಿಗೆ ಸ್ಪಾಕ್ ಎಂದು ಹೆಸರಿದ್ದರೂ ಇರಬಹುದು. ಕುಂಬಳಕಾಯಿ ಬ್ರೆಡ್ಡು ಮಾಡುವ ವಿಧಾನ, ಐರಿಷ್ ಜನಪದ ಹಾಡುಗಳ ಕ್ಯಾಸೆಟ್ ಪಟ್ಟಿ, ಮುತ್ತಾತ ಯಾವ ಹಡಗಿನಲ್ಲಿ ಬಂದ ಎಂಬ ವಂಶವೃಕ್ಷ, ತನ್ನ ಕಾಯಿಲೆಯ ಬಗ್ಗೆ ನಾಲ್ಕು ಸಾಲು. ಕೊನೆಯಲ್ಲಿ ವೆಬ್‌ರಿಂಗ್: ಹಾರಕ್ಕೆ ಹೂ ಪೋಣಿಸಿದಂತೆ ಒಂದೇ ಅಭಿರುಚಿಯ ಪುಟಗಳನ್ನು ಜೋಡಿಸಿದ ಸರಪಳಿ. ಒತ್ತಿದರೆ ಪಕ್ಕದವರ ಮನೆ. ಅಲ್ಲೂ ಇಷ್ಟೇ ಗಲಾಟೆ.

ಇದು ಯಾವುದೋ ಒಂದು ಪುಟದ ವರ್ಣನೆಯಲ್ಲ. ಇಂಥವನ್ನು ದಿನಗಟ್ಟಲೆ ನೋಡಿದ ಮೇಲೆ ಕಣ್ಣಲ್ಲಿ ಉಳಿಯುವ ಚಿತ್ರ.

ನನ್ನ ವಾದ ಇಷ್ಟು: ಆ ಪುಟದ ನಿಜವಾದ ವಿಷಯ ಸ್ಟಾರ್ ಟ್ರೆಕ್ ಅಲ್ಲ, ಬೆಕ್ಕೂ ಅಲ್ಲ. ಅವೆರಡೂ ಒಂದೇ ಗೋಡೆಯ ಮೇಲೆ ಇದ್ದದ್ದು. ಕಂಪನಿಗೆ ಬೇಕಾಗಿರುವುದು ಸ್ಟಾರ್ ಟ್ರೆಕ್ ಕೊಳ್ಳುವ ಒಂದು ತಲೆ, ವಿಶ್ವವಿದ್ಯಾಲಯಕ್ಕೆ ಬೇಕಾಗಿರುವುದು ‘ಸ್ಟಾರ್ ಟ್ರೆಕ್ ಅಭಿಮಾನಿ’ ಎಂಬ ಒಂದು ಮಾದರಿ. ಬೆಕ್ಕನ್ನು ಕತ್ತರಿಸಿ ಎಸೆಯುವುದರಲ್ಲಿ ಇಬ್ಬರೂ ಒಂದೇ.

ಅಭಿಮಾನಿಗಳನ್ನು ಗೇಲಿ ಮಾಡುವುದಕ್ಕೆ ದೊಡ್ಡ ಇತಿಹಾಸವೇ ಇದೆ. 1986ರ ಡಿಸೆಂಬರಿನಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮದ ಒಂದು ಪ್ರಹಸನದಲ್ಲಿ ಕ್ಯಾಪ್ಟನ್ ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಅವರೇ ನಿಂತು, ತನ್ನನ್ನು ಮುತ್ತಿಕೊಂಡ ಅಭಿಮಾನಿಗಳಿಗೆ ಬೇರೆ ಬದುಕು ನೋಡಿಕೊಳ್ಳಿ ಎಂದು ಬಯ್ಯುತ್ತಾರೆ. ಹೆಣ್ಣಿನ ಸಹವಾಸ ಕಾಣದ, ಅಪ್ಪ-ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಕೊಳೆಯುವ ಗಂಡಸು ಎನ್ನುವುದು ಆ ಪ್ರಹಸನದ ಅಭಿಮಾನಿಯ ಚಿತ್ರ. ತಮಾಷೆಯೆಂದರೆ ಆ ಹೊತ್ತಿಗೆ ಸ್ಟಾರ್ ಟ್ರೆಕ್‌ನ ಅಭಿಮಾನಿ ಪತ್ರಿಕೆಗಳನ್ನು ಬರೆದು, ಟೈಪು ಮಾಡಿ, ನಕಲು ತೆಗೆದು, ಅಂಚೆಗೆ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. 1967ರಲ್ಲಿ ಬಂದ ಮೊದಲ ಟ್ರೆಕ್ ಪತ್ರಿಕೆ ‘ಸ್ಪಾಕನೇಲಿಯಾ’ವನ್ನು ರೂಪಿಸಿದ್ದು ಇಬ್ಬರು ಯುವತಿಯರು. ಧಾರಾವಾಹಿ ಎರಡನೆಯ ವರ್ಷಕ್ಕೇ ನಿಲ್ಲುವ ಸುದ್ದಿ ಬಂದಾಗ ಎನ್‌ಬಿಸಿ ವಾಹಿನಿಗೆ ಕಾಗದಗಳ ಮಳೆ ಸುರಿಸಿದ ಚಳವಳಿಯ ಮುಂದಾಳತ್ವದಲ್ಲಿ ಬ್ಜೋ ಟ್ರಿಂಬಲ್ ಎಂಬಾಕೆ ಗಂಡನ ಜೊತೆ ಇದ್ದರು. ಮೂರನೆಯ ಸರಣಿ ಬಂತು, ಒಟ್ಟು 79 ಕಂತುಗಳಾದವು. ಪ್ರಹಸನ ಬರೆದವರಿಗೆ ಆ ಹೆಂಗಸರು ಕಾಣಲೇ ಇಲ್ಲ.

ನಮ್ಮಲ್ಲೂ ಈ ತಾರತಮ್ಯ ಚೆನ್ನಾಗಿಯೇ ಬೇರು ಬಿಟ್ಟಿದೆ. ಮನ್ಸೂರರ ಯಾವ ಧ್ವನಿಮುದ್ರಿಕೆಯಲ್ಲಿ ಯಾವ ತಾನ ಎಲ್ಲಿ ತಿರುಗುತ್ತದೆ ಎಂದು ಹೇಳಬಲ್ಲವರು ರಸಿಕರು. 1983ರ ಫೈನಲ್ಲಿನ ಸ್ಕೋರ್ ಕಾರ್ಡನ್ನು ಬಾಯಿಪಾಠ ಒಪ್ಪಿಸುವ ಮಾವ ‘ಭಾರಿ ನೆನಪಿನ ಶಕ್ತಿ’ಯವರು. ಡಾಕ್ಟರ್ ಹೂವಿನ ಯಾವ ಕಂತಿನಲ್ಲಿ ಯಾವ ಡಾಕ್ಟರ್ ಯಾರನ್ನು ಬಿಟ್ಟುಹೋದ ಎಂದು ಹೇಳುವ ಹುಡುಗಿಗೆ ಮಾತ್ರ “ಬೇರೆ ಕೆಲಸ ಇಲ್ವೇನೇ?” ಮೂವರೂ ಮಾಡುತ್ತಿರುವುದು ಒಂದೇ ಕೆಲಸ, ಪ್ರೀತಿಸಿದ್ದನ್ನು ವಿವರವಾಗಿ ನೆನಪಿಟ್ಟುಕೊಳ್ಳುವುದು.

ಭಾರತದ ಅಧ್ಯಯನಗಳಲ್ಲಿ ಅಭಿಮಾನಿ ಎಂದರೆ ಬಹುಮಟ್ಟಿಗೆ ಸಿನಿಮಾ ನಟನ ಅಭಿಮಾನಿ. ಬೆಂಗಳೂರಿನಲ್ಲಿ ಕೂತು ಎಸ್.ವಿ. ಶ್ರೀನಿವಾಸ್ ಅವರು ಚಿರಂಜೀವಿಯ ಅಭಿಮಾನಿ ಸಂಘಗಳ ಬಗ್ಗೆ ಮಾಡಿದ ಕೆಲಸ ನನಗೆ ದಾರಿ ತೋರಿಸಿದೆ, ಅದರ ಋಣ ದೊಡ್ಡದು. ಆದರೆ ಅಲ್ಲಿನ ಅಭಿಮಾನಿ ಗುಂಪಿನಲ್ಲಿರುತ್ತಾನೆ, ಬೀದಿಯಲ್ಲಿರುತ್ತಾನೆ, ಕಟೌಟಿನ ಕೆಳಗಿರುತ್ತಾನೆ. ಬಹುಪಾಲು ಗಂಡಸು. ರಾತ್ರಿ ಪಾತ್ರೆ ತೊಳೆದಿಟ್ಟು ಕಂಪ್ಯೂಟರ್ ಮುಂದೆ ಒಬ್ಬಳೇ ಕೂರುವ ಹೆಂಗಸನ್ನು ಆ ಚೌಕಟ್ಟಿನಲ್ಲಿ ಕೂರಿಸಲಾಗುವುದಿಲ್ಲ. ಕನ್ನಡದ ‘ಅಭಿಮಾನಿ’ ಪದವಾದರೂ ಇಂಗ್ಲಿಷಿನ ‘ಫ್ಯಾನ್’ಗಿಂತ ಮರ್ಯಾದೆಯುಳ್ಳದ್ದು. ಅಲ್ಲಿ ಉನ್ಮಾದದ ವಾಸನೆಯಿದೆ, ಇಲ್ಲಿ ಹೆಮ್ಮೆಯದು. ರಾಜಕುಮಾರ್ ಅಭಿಮಾನಿಗಳನ್ನು ದೇವರೆಂದರು. ದೇವರೆಂದ ಮೇಲೆ ಆ ದೇವರು ಏನು ಯೋಚಿಸುತ್ತದೆ ಎಂದು ಕೇಳುವ ಕೆಲಸ ನಮ್ಮ ವಿಮರ್ಶೆಯದಾಗಿತ್ತು. ಅದು ಕೇಳಲಿಲ್ಲ.

ಈಗ ‘ಗ್ರಾಹಕ’ ಎಂಬ ಪದಕ್ಕೆ ಬರೋಣ. ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಡಾಕ್ಟರ್ ಹೂ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬಿಬಿಸಿಯಲ್ಲಿ ಈ ಧಾರಾವಾಹಿ ಶುರುವಾದದ್ದು 1963ರ ನವೆಂಬರ್ 23ರಂದು. ಆಗ ವಿಡಿಯೊ ಟೇಪು ಬಲು ದುಬಾರಿ, ಒಂದನ್ನು ಅಳಿಸಿ ಮತ್ತೊಂದನ್ನು ತುಂಬುವುದು ವಾಡಿಕೆ. ನಟರ ಸಂಘದ ಜೊತೆಗಿನ ಒಪ್ಪಂದದ ಕಾರಣ ಹಳೆಯ ಕಂತುಗಳನ್ನು ಬೇಕಾದಾಗ ಮರುಪ್ರಸಾರ ಮಾಡುವಂತೆಯೂ ಇರಲಿಲ್ಲ. ಹಾಗಾಗಿ ಇಟ್ಟುಕೊಂಡು ಏನು ಮಾಡುವುದು ಎಂದು ಅಳಿಸಿದರು. ವಿದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳನ್ನೂ ಮಾರಾಟದ ಅವಧಿ ಮುಗಿದ ಮೇಲೆ ಎಸೆದರು. 1970ರ ದಶಕದ ಕೊನೆಯವರೆಗೂ ಇದು ನಡೆಯಿತು. ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ನೂರಕ್ಕೆ ತುಸು ಕಡಿಮೆಯಷ್ಟು ಕಂತುಗಳ ಚಿತ್ರ ಇವತ್ತಿಗೂ ಇಲ್ಲ. ಜಗತ್ತಿನ ಅತ್ಯಂತ ಪ್ರತಿಷ್ಠಿತ ಪ್ರಸಾರ ಸಂಸ್ಥೆಯೊಂದು ತನ್ನ ಕೈಯಾರೆ ಮಾಡಿದ ಕೆಲಸ ಇದು. ಯಾರೋ ಕಿಡಿಗೇಡಿಗಳಲ್ಲ, ಸಂಬಳ ಪಡೆಯುವ, ವಿವೇಕಿಗಳಾದ, ‘ಫೋಕಸ್’ ಇದ್ದ ಜನ ಮಾಡಿದ್ದು.

ಚಿತ್ರವಿಲ್ಲ, ಸರಿ. ಆದರೆ ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಹೇಗೆ? ಆ ದಿನಗಳಲ್ಲಿ ಬ್ರಿಟನ್ನಿನ ಅಲ್ಲಲ್ಲಿ ಕೆಲವು ಹುಡುಗರು, ಕೆಲವು ದೊಡ್ಡವರು, ಶನಿವಾರ ಸಂಜೆ ಮನೆಯ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದರು. ಕೆಲವರು ಸ್ಪೀಕರಿಗೆ ಮೈಕು ಹಿಡಿದರು, ಕೈಚಳಕ ಗೊತ್ತಿದ್ದವರು ಟಿ.ವಿ.ಯೊಳಗಿಂದಲೇ ತಂತಿ ಎಳೆದರು. ಮನೆಮಂದಿಗೆಲ್ಲ ಸುಮ್ಮನಿರಿ ಎಂದು ಬೇಡಿಕೊಂಡಿರಬೇಕು, ಆದರೂ ಯಾರಾದರೂ ಕೆಮ್ಮಿರಬೇಕು. ಇನ್ನೊಂದು ಕಡೆ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಟಿ.ವಿ. ಪರದೆಯ ಫೋಟೋ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುವ ಕಸುಬು ಮಾಡುತ್ತಿದ್ದ. ತಾವು ಕಾಣಿಸಿಕೊಂಡಿದ್ದಕ್ಕೆ ಅವರಿಗೊಂದು ನೆನಪು ಬೇಕಿತ್ತು, ಅಷ್ಟೆ. ಮುಂದೆ ಅಭಿಮಾನಿಗಳು ಆ ಧ್ವನಿಗೆ ಈ ಚಿತ್ರ ಜೋಡಿಸಿ ಕಳೆದ ಕಂತುಗಳನ್ನು ತಮ್ಮಷ್ಟಕ್ಕೆ ಕಟ್ಟಿಕೊಂಡರು. ಕೊನೆಗೆ ಬಿಬಿಸಿಯೇ ಅವರ ಬಾಗಿಲಿಗೆ ಬಂತು. ಅಭಿಮಾನಿಗಳ ಟೇಪುಗಳನ್ನು ಶುದ್ಧಮಾಡಿ ಕ್ಯಾಸೆಟ್ಟು, ಸಿ.ಡಿ.ಗಳಾಗಿ ಮಾರಿತು. ‘ದಿ ಇನ್ವೇಷನ್’ನ ಕಳೆದ ಎರಡು ಕಂತುಗಳನ್ನು 2006ರಲ್ಲಿ, ‘ದಿ ಪವರ್ ಆಫ್ ದಿ ಡಾಲೆಕ್ಸ್’ ಪೂರ್ತಿಯನ್ನು 2016ರಲ್ಲಿ ಅದೇ ಧ್ವನಿಯ ಮೇಲೆ ಅನಿಮೇಷನ್ ಕಟ್ಟಿ ಹೊರತಂದಿತು. ನಾನು ಪದವಿಯಲ್ಲಿದ್ದಾಗ ಸೀನಿಯರ್ ಒಬ್ಬರು ಕೊಟ್ಟ ಹಾರ್ಡ್ ಡಿಸ್ಕಿನಲ್ಲಿ ಈ ಸರಕು ನನಗೆ ಸಿಕ್ಕಿದ್ದು. ಎರಡನೆಯ ಡಾಕ್ಟರನ ದನಿಯನ್ನು ಮೊದಲ ಸಲ ಕೇಳಿದಾಗ ಅದರ ಹಿಂದೆ ಒಂದು ಗರಗರ ಸದ್ದಿತ್ತು. ಯಾರದೋ ಮನೆಯ ಕೋಣೆ ಅದು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಈ ಹುಡುಗರು ಪ್ರಾಚ್ಯವಸ್ತು ಸಂರಕ್ಷಣೆ ಮಾಡುತ್ತಿದ್ದೇವೆ ಅಂದುಕೊಂಡಿರಲಿಲ್ಲ. ಇನ್ನೊಂದು ಸಲ ಕೇಳಬೇಕು ಅನ್ನಿಸಿತ್ತು. ಗ್ರಾಹಕ ಎಂದರೆ ಕೊಂಡು, ತಿಂದು, ಸಿಪ್ಪೆ ಎಸೆಯುವವನು. ಇಲ್ಲಿ ಸಿಪ್ಪೆ ಎಸೆದವರು ಯಾರು, ಎತ್ತಿಟ್ಟವರು ಯಾರು?

ಅಭಿಮಾನಿಗಳಿಗೆ ವಿಮರ್ಶೆಯ ಬುದ್ಧಿ ಇರುವುದಿಲ್ಲ, ಆರಾಧನೆ ಮಾತ್ರ ಎನ್ನುವುದು ಇನ್ನೊಂದು ಆಕ್ಷೇಪ. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ ‘ಮೆನಾಜರಿ’ ಎಂಬ ಟ್ರೆಕ್ ಪತ್ರಿಕೆಯಲ್ಲಿ ಒಂದು ಪುಟ್ಟ ಅಣಕು ಕತೆ ಬರೆದರು. ಅದರ ನಾಯಕಿ ಮೇರಿ ಸೂ, ಹದಿನೈದೂವರೆ ವರ್ಷದ ಲೆಫ್ಟಿನೆಂಟು. ನೋಡಿದವರೆಲ್ಲ ಅವಳನ್ನು ಮೆಚ್ಚುತ್ತಾರೆ, ಅವಳಿಗೆ ಬಾರದ ವಿದ್ಯೆಯಿಲ್ಲ, ಸತ್ತಾಗ ಇಡೀ ಹಡಗು ಅಳುತ್ತದೆ. ತಮ್ಮದೇ ಪತ್ರಿಕೆಗಳಿಗೆ ಬಂದು ಬೀಳುತ್ತಿದ್ದ ಕತೆಗಳ ದೌರ್ಬಲ್ಯವನ್ನು ಒಬ್ಬ ಅಭಿಮಾನಿ ಒಂದೇ ಹೆಸರಿನಲ್ಲಿ ಹಿಡಿದ ರೀತಿ ಅದು. ಮುಂದೆ ಆ ಹೆಸರೇ ವಿಮರ್ಶೆಯ ಪರಿಭಾಷೆಯಾಯಿತು. ಆಮೇಲೆ ಗಟ್ಟಿ ಹೆಣ್ಣು ಪಾತ್ರ ಕಂಡರೆ ಸಾಕು, ಬಡಿಯಲು ದೊಣ್ಣೆಯೂ ಆಯಿತು. ಅದನ್ನು ಗುರುತಿಸಿ ಜಗಳ ತೆಗೆದವರೂ ಅಭಿಮಾನಿ ಹೆಂಗಸರೇ. ಬ್ಯಾಟ್‌ಮ್ಯಾನನನ್ನು ಯಾರೂ ಹಾಗೆ ಕರೆಯುವುದಿಲ್ಲವಲ್ಲ ಎಂದು ಕೇಳಿದರು. ಒಂದು ಪದ ಹುಟ್ಟಿ, ಬೆಳೆದು, ಕೆಟ್ಟು, ಪರೀಕ್ಷೆಗೆ ಒಳಗಾದ ಈ ಕತೆಯಲ್ಲಿ ಪ್ರಾಧ್ಯಾಪಕರು ಬರುವುದು ಬಹಳ ತಡವಾಗಿ. ನವ್ಯದ ‘ನಿರಪೇಕ್ಷ’, ‘ಅನುಭವದ ಅಧಿಕೃತತೆ’ಗಳ ಕಾಲದಿಂದಲೂ ನಮ್ಮ ವಿಮರ್ಶೆ ಇಂಥದೊಂದು ತುಂಟ, ಕೈಗೆ ಬರುವ, ಅಡುಗೆಮನೆಯಲ್ಲೂ ಬಳಸಬಹುದಾದ ಪದವನ್ನು ಹುಟ್ಟಿಸಿದ್ದು ನನಗಂತೂ ನೆನಪಿಗೆ ಬರುತ್ತಿಲ್ಲ.

ಇಷ್ಟು ಹೇಳಿದರೆ ಕೆಲವರು ತಲೆಯಾಡಿಸುತ್ತಾರೆ. ಅವರು ನಮ್ಮ ಪಕ್ಷದವರು. “ಹೌದು, ನೋಡಿ, ಡಾಕ್ಟರ್ ಹೂವನ್ನು 2005ರಲ್ಲಿ ಮತ್ತೆ ಬದುಕಿಸಿದ ರಸೆಲ್ ಟಿ. ಡೇವಿಸ್ ಬಾಲ್ಯದಿಂದ ಅದರ ಅಭಿಮಾನಿ. 1974ರಲ್ಲಿ ‘ರೇಡಿಯೊ ಟೈಮ್ಸ್’ಗೆ ಪತ್ರ ಬರೆದ ಹುಡುಗ ಪೀಟರ್ ಕಪಾಲ್ಡಿ ಮುಂದೆ ಅವನೇ ಡಾಕ್ಟರ್ ಆದ. ಸ್ಟಾರ್ ಟ್ರೆಕ್ ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೇ ಹೋದರು.” ಎಲ್ಲ ನಿಜ. ಆದರೆ ಈ ಸಮರ್ಥನೆ ನನಗೆ ಗೇಲಿಗಿಂತ ಹೆಚ್ಚು ಕಿರಿಕಿರಿ ಮಾಡುತ್ತದೆ. ಪ್ರೀತಿ ಉದ್ಯೋಗವಾದರೆ ಸರಿ, ಪದವಿಯಾದರೆ ಸರಿ, ರಾಕೆಟ್ಟಾದರೆ ಬಹಳ ಸರಿ. ಏನೂ ಆಗದಿದ್ದರೆ? ಕುಂಬಳಕಾಯಿ ಬ್ರೆಡ್ಡಿನವಳು ಗಗನಯಾತ್ರಿಯಾಗಲಿಲ್ಲ. ಬ್ಯಾಬಿಲಾನ್ 5 ಕಂತುಗಳ ಬಗ್ಗೆ ಐದು ವರ್ಷ ಬರೆದಳು, ನಿಲ್ಲಿಸಿದಳು. ಗೆದ್ದವರ ಪಟ್ಟಿಯನ್ನು ಮುಂದೆ ಹಿಡಿಯುವವರು ಅವಳನ್ನು ಎರಡನೆಯ ಸಲ ಹೊರಗೆ ಹಾಕುತ್ತಾರೆ.

ಇನ್ನೂ ಒಂದು ಸಮರ್ಥನೆ ಕನ್ನಡದ ಗೋಷ್ಠಿಗಳಲ್ಲಿ ಖಂಡಿತ ಬರುತ್ತದೆ, ಈಗಲೇ ಮುಗಿಸಿಬಿಡುತ್ತೇನೆ. “ಪಂಪನೂ ವ್ಯಾಸನ ಫ್ಯಾನ್ ಫಿಕ್ಷನ್ ಬರೆದವನೇ ಅಲ್ಲವೇ?” ದಯವಿಟ್ಟು ಬೇಡ. ಪಂಪನಿಗೆ ಅರಿಕೇಸರಿಯ ಆಸ್ಥಾನವಿತ್ತು, ಅಗ್ರಹಾರ ಸಿಕ್ಕಿತು. ಅಭಿಮಾನಿ ಪತ್ರಿಕೆಯ ಹೆಂಗಸಿಗೆ ಇದ್ದದ್ದು ಸ್ಟೆನ್ಸಿಲ್ ಯಂತ್ರ, ಅಂಚೆ ಖರ್ಚು, ಮತ್ತು ಗೊತ್ತಾದರೆ ನೆರೆಹೊರೆ ಏನೆನ್ನುತ್ತದೋ ಎಂಬ ಅಳುಕು. ಅವಳಿಗೆ ಮರ್ಯಾದೆ ಕೊಡಲು ಆದಿಕವಿಯ ಸರ್ಟಿಫಿಕೇಟು ಯಾಕೆ ಬೇಕು?

ಕಂಪನಿಗಳ ಕತೆಗೆ ಹೆಚ್ಚು ಹೊತ್ತು ಬೇಡ, ಅದು ಎಲ್ಲರಿಗೂ ಗೊತ್ತಿರುವ ಜಾಡಿನದೇ. 90ರ ದಶಕದ ಮಧ್ಯದಲ್ಲಿ ಎಕ್ಸ್-ಫೈಲ್ಸ್‌ನ ಒಡೆಯರಾದ ಫಾಕ್ಸ್, ಸ್ಟಾರ್ ಟ್ರೆಕ್‌ನ ಒಡೆಯರಾದ ವಯಾಕಾಮ್ ಅಭಿಮಾನಿಗಳ ಪುಟಗಳಿಗೆ ವಕೀಲರ ನೋಟಿಸು ಕಳಿಸಿದವು. 1999ರಲ್ಲಿ ಯಾಹೂ ಜಿಯೋಸಿಟೀಸನ್ನು ಕೊಂಡು, ಅಲ್ಲಿ ನೀವು ಇಟ್ಟಿದ್ದರ ಮೇಲೆಲ್ಲ ತನಗೆ ಹಕ್ಕಿದೆ ಎಂಬಂಥ ಷರತ್ತು ಹಾಕಿತು. ಜನ ಸಿಡಿದೆದ್ದು ಪುಟಗಳನ್ನು ಬರಿದು ಮಾಡಿದಾಗ ಹಿಂದೆ ಸರಿಯಿತು. ಬಡಾವಣೆಯ ವಿಳಾಸಗಳು ಹೋಗಿ ಬರೀ ಬಳಕೆದಾರರ ಹೆಸರುಗಳು ಬಂದವು. 2009ರ ಅಕ್ಟೋಬರಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿ ಮರುವರ್ಷ ಎಲ್ಲರಿಗೂ ಕೊಟ್ಟಿತು. ನನ್ನ ಪ್ರಬಂಧ ನಿಂತಿರುವುದು ಆ ನಕಲಿನ ಮೇಲೆ, ಎಂದರೆ ಮತ್ತೊಂದು ಬಗೆಯ ಹವ್ಯಾಸಿಗಳ ಬಿಟ್ಟಿ ದುಡಿಮೆಯ ಮೇಲೆ.

ಈಗಿನ ಕಂಪನಿಗಳು ಜಾಣ. ಅಭಿಮಾನಿಯನ್ನು ಒದೆಯುವುದಿಲ್ಲ, ಅಳತೆಗೆ ಹೊಲಿಯುತ್ತವೆ. ‘ಆಕ್ಸಾನಾರ್’ ಎಂಬ ಅಭಿಮಾನಿ ಚಿತ್ರದ ಮೇಲೆ ಮೊಕದ್ದಮೆ ಹೂಡಿದ ಸಿಬಿಎಸ್ ಮತ್ತು ಪ್ಯಾರಾಮೌಂಟ್, 2016ರಲ್ಲಿ ಅಭಿಮಾನಿ ಚಿತ್ರಗಳಿಗೆಲ್ಲ ನಿಯಮಗಳನ್ನು ಹೊರಡಿಸಿದವು. ಒಂದು ಕಂತು 15 ನಿಮಿಷ ಮೀರಬಾರದು, ಒಂದು ಕತೆಗೆ ಹೆಚ್ಚೆಂದರೆ ಎರಡು ಕಂತು. ಅಂಗಡಿಯಲ್ಲಿ ಸಿಗುವಂಥ ಸಮವಸ್ತ್ರ, ಆಟಿಕೆ ಬಳಸುವುದಾದರೆ ಅವು ಅಧಿಕೃತ ಸರಕೇ ಆಗಿರಬೇಕು. (ಆಕ್ಸಾನಾರ್ ತಂಡ ಜನರಿಂದ ಹತ್ತು ಲಕ್ಷ ಡಾಲರಿಗೂ ಹೆಚ್ಚು ಎತ್ತಿತ್ತು, ಕಂಪನಿಯ ಸಿಟ್ಟು ಪೂರ್ತಿ ಅಕಾರಣವಲ್ಲ.) ಪ್ರೀತಿಸಿ, ಆದರೆ ನಮ್ಮ ಅಂಗಡಿಯ ಬಟ್ಟೆ ಹಾಕಿಕೊಂಡು ಪ್ರೀತಿಸಿ ಎಂದು ಇದರ ಅರ್ಥ.

ನೋಟಿಸು, ನಿಯಮಗಳಿಗಿಂತ ಆಳವಾಗಿ ಕೆಲಸ ಮಾಡಿದ್ದು ಬೇರೆಯೇ ಒಂದಿದೆ. ಇವತ್ತು ಯಾವುದೇ ವೇದಿಕೆಯಲ್ಲಿ ಹೊಸದಾಗಿ ಬರೆಯಹೊರಟವರಿಗೆ ಸಿಗುವ ಮೊದಲ ಉಪದೇಶವೇ “ಒಂದು ವಿಷಯ ಹಿಡಿ” ಎನ್ನುವುದು. ಸ್ಟಾರ್ ಟ್ರೆಕ್ ಖಾತೆ ಎಂದರೆ ಸ್ಟಾರ್ ಟ್ರೆಕ್ ಮಾತ್ರ. ನಡುವೆ ಬೆಕ್ಕು ಹಾಕಿದರೆ ಯಾರಿಗೂ ತೋರಿಸುವುದಿಲ್ಲ. ಬೆಕ್ಕಿಗೆ ಬೇರೆ ಖಾತೆ ತೆರೆಯಬೇಕು, ಅದಕ್ಕೆ ಬೆಕ್ಕಿನವರು ಬರುತ್ತಾರೆ. ನನ್ನ ಸಮಿತಿಯ ಹಿರಿಯರೂ ಯಾವುದೋ ಕಂಪನಿಯ ಲೆಕ್ಕಾಚಾರದ ಯಂತ್ರವೂ ಒಂದೇ ಸಲಹೆ ಕೊಡುತ್ತಿರುವುದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಇಬ್ಬರಿಗೂ ಮನುಷ್ಯರು ಒಂದೇ ಸಾಲಿನಲ್ಲಿ ಮುಗಿದರೆ ಅನುಕೂಲ.

ಇಲ್ಲಿ ನನ್ನ ವಿರುದ್ಧದ ಗಟ್ಟಿ ವಾದವೊಂದಿದೆ. ಅಭಿಮಾನಿಗಳು ಅಷ್ಟು ಒಳ್ಳೆಯವರಾದರೆ, 2017ರಲ್ಲಿ ಜೋಡಿ ವಿಟ್ಟೇಕರ್ ಡಾಕ್ಟರ್ ಆಗುತ್ತಾರೆ ಎಂದು ಪ್ರಕಟವಾದಾಗ ಹೆಣ್ಣು ಡಾಕ್ಟರ್ ಎಂದು ಕಾರಿದ ವಿಷ ಯಾರದು? ‘ಸ್ಟಾರ್ ವಾರ್ಸ್’ ನಟಿ ಕೆಲ್ಲಿ ಮೇರಿ ಟ್ರಾನ್ 2018ರಲ್ಲಿ ಇನ್‌ಸ್ಟಾಗ್ರಾಂನಿಂದ ತಮ್ಮ ಚಿತ್ರಗಳನ್ನೆಲ್ಲ ಅಳಿಸುವಂತೆ ಮಾಡಿದ ಕಿರುಕುಳ ಯಾರದು? ಅಭಿಮಾನಿಗಳದೇ. ಅವರು ನಿಜವಾದ ಅಭಿಮಾನಿಗಳಲ್ಲ ಎಂದು ಜಾರಿಕೊಳ್ಳುವುದು ಸುಲಭ, ನಾನು ಹಾಗೆ ಹೇಳುವುದಿಲ್ಲ. ಅವರೂ ಕಂತುಗಳನ್ನು ಬಾಯಿಪಾಠ ಬಲ್ಲವರೇ. ನನಗೆ ಕಾಣುವುದು ಇಷ್ಟು: ಒಂದೇ ಒಂದು ವಸ್ತುವಿನ ಮೇಲೆ ತನ್ನ ಇಡೀ ಗುರುತನ್ನು ನಿಲ್ಲಿಸಿಕೊಂಡವನಿಗೆ ಆ ವಸ್ತು ಬದಲಾದರೆ ತಾನೇ ಸತ್ತ ಹಾಗಾಗುತ್ತದೆ. ತೋಟ, ಬೆಕ್ಕು, ಹಾಡಿನ ಕ್ಯಾಸೆಟ್ಟು ಇರುವವಳಿಗೆ ಡಾಕ್ಟರ್ ಹೆಂಗಸಾದರೆ ಆಗುವ ನಷ್ಟ ಕಡಿಮೆ. ನಾಲ್ಕು ದಿನ ಬೇಸರ, ಐದನೆಯ ದಿನ ಟೊಮೆಟೊ ಗಿಡಕ್ಕೆ ನೀರು.

ಈ ಮಾತು ಕೂಡ ಪೂರ್ತಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. 2009ರಲ್ಲಿ ವೈಜ್ಞಾನಿಕ ಕಲ್ಪನೆಯ ಓದುಗ-ಬರಹಗಾರರ ನಡುವೆ ಜನಾಂಗದ ಪ್ರಶ್ನೆಯ ಮೇಲೆ ತಿಂಗಳುಗಟ್ಟಲೆ ನಡೆದ ಜಗಳ ‘ರೇಸ್‌ಫೇಲ್’ ಎಂದೇ ಹೆಸರಾಗಿದೆ. ಅಲ್ಲಿ ಕೆಟ್ಟದಾಗಿ ನಡೆದುಕೊಂಡ ಎಷ್ಟೋ ಬಿಳಿಯರು ತೋಟವೂ ಬೆಕ್ಕೂ ಇದ್ದ, ಹತ್ತಾರು ಆಸಕ್ತಿಗಳ, ಉದಾರಿಗಳೆನಿಸಿಕೊಂಡ ಜನ. ನಾನು ಹೊಗಳುತ್ತಿರುವ ಆ ಸುಂದರ ಗೋಡೆಗಳ ಮೇಲೆ ಕಪ್ಪು, ಕಂದು ಮುಖಗಳು ಎಷ್ಟಿದ್ದವು ಎಂದು ಕೇಳಿದರೆ ನನಗೂ ಮುಜುಗರವಾಗುತ್ತದೆ. 1996ರಲ್ಲಿ ಮನೆಯಲ್ಲಿ ಕಂಪ್ಯೂಟರ್, ಫೋನ್ ಲೈನು, ಸಂಜೆಯ ಬಿಡುವು ಯಾರಿಗಿತ್ತು? ನಮ್ಮ ಅಮ್ಮನಿಗೆ ಇರಲಿಲ್ಲ. ಅಮ್ಮ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ನೋಡಿದವರು. “ಕಿವಿ ಚೂಪಿನವನು” ಎಂದು ಈಗಲೂ ನೆನಪು ಮಾಡಿಕೊಳ್ಳುತ್ತಾರೆ. ಅವರ ಅಭಿಪ್ರಾಯವನ್ನು ಬರೆದಿಡಲು ಏರಿಯಾ 51ರಲ್ಲಿ ಸೈಟು ಸಿಗಲಿಲ್ಲ. ಹಲವು ಆಸಕ್ತಿ ಇದ್ದರೆ ಸಾಕು, ಸಜ್ಜನಿಕೆ ತಾನಾಗಿ ಬರುತ್ತದೆ ಎಂದು ನಾನು ವಾದಿಸಲಾರೆ. ಅದಿಲ್ಲದಾಗ ಕೆಡುವುದು ಸುಲಭ ಎಂದಷ್ಟೇ ಹೇಳಬಲ್ಲೆ.

ನನ್ನ ಜೊತೆಗೂ ಜಗಳ ಎಂದೆನಲ್ಲ, ಅದು ಈಗ. ಹೆನ್ರಿ ಜೆಂಕಿನ್ಸ್ 1992ರಲ್ಲಿ ‘ಟೆಕ್ಸ್ಚುವಲ್ ಪೋಚರ್ಸ್’ ಬರೆದಾಗ ತಾನೂ ಅಭಿಮಾನಿ ಎಂದು ಬಹಿರಂಗವಾಗಿ ಹೇಳಿಕೊಂಡ. ಆ ಧೈರ್ಯ ನಾನು ತೋರಲಿಲ್ಲ. ಎರಡನೆಯ ಅಧ್ಯಾಯಕ್ಕಾಗಿ ಒಂದು ದೊಡ್ಡ ಕೋಷ್ಟಕ ಮಾಡಿದ್ದೆ. ಎಡಗಡೆ ಒಂದೊಂದು ಪುಟದ ಗುರುತು, ಮೇಲೆ ಕಾಲಂಗಳು: ಯಾವ ಧಾರಾವಾಹಿ, ಕಂತುಗಳ ವಿಮರ್ಶೆ ಇದೆಯೇ, ಸ್ವಂತ ಕತೆ ಇದೆಯೇ, ಎಷ್ಟು ಕೊಂಡಿಗಳು. ಕೊನೆಯ ಕಾಲಂ ‘ಇತರೆ’. ಬೆಕ್ಕು, ಅಡುಗೆ, ವಂಶವೃಕ್ಷ, ತೀರಿಹೋದ ಅಣ್ಣನ ನೆನಪು, ಕೀಮೋಥೆರಪಿಯ ದಿನಚರಿ, ಎಲ್ಲಕ್ಕೂ ಒಂದೇ ಗುರುತು, ಒಂದು ಪುಟ್ಟ ಟಿಕ್. ಕೋಷ್ಟಕ ನೋಡಿ ಮಾರ್ಗದರ್ಶಕರು ಖುಷಿಪಟ್ಟರು, ಈಗ ಇದು ಸಂಶೋಧನೆಯ ಹಾಗೆ ಕಾಣುತ್ತಿದೆ ಅಂದರು. ನನಗೂ ಹೆಮ್ಮೆಯಾಯಿತು. ಒಂದು ರಾತ್ರಿ ಟಿಕ್ ಹಾಕುತ್ತಾ ಹಾಕುತ್ತಾ ಒಂದು ಪುಟದಲ್ಲಿ ನಿಂತುಬಿಟ್ಟೆ. ಒಬ್ಬಾಕೆ ಸ್ಟಾರ್ ಟ್ರೆಕ್‌ನ ಯಾವುದೋ ಕಂತನ್ನು ಮೆಚ್ಚಲು ಕೊಟ್ಟ ಕಾರಣವೆಲ್ಲ ಅದೇ ಪುಟದ ಕೆಳಗಿದ್ದ, ಆಸ್ಪತ್ರೆಯಲ್ಲಿದ್ದ ತನ್ನ ಅಪ್ಪನ ಬಗೆಗಿನ ಟಿಪ್ಪಣಿಯೊಳಗಿತ್ತು. ಎರಡನ್ನೂ ಒಟ್ಟಿಗೆ ಓದದೆ ಆ ವಿಮರ್ಶೆ ಅರ್ಥವಾಗುವುದೇ ಇಲ್ಲ. ನಾನು ಅದನ್ನು ಎರಡು ಕಾಲಂಗಳಲ್ಲಿ ಸೀಳಿ ಹಾಕಿದ್ದೆ. ಕಂಪನಿ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಇದ್ದ ವ್ಯತ್ಯಾಸವೆಂದರೆ ಅವರಿಗೆ ಲಾಭ ಬಂತು, ನನಗೆ ಫೆಲೋಶಿಪ್ ಬರುತ್ತಿದೆ.

ಅಭಿಮಾನಿಗಳೇ ಕಟ್ಟಿ ನಡೆಸುತ್ತಿರುವ, 2019ರಲ್ಲಿ ಹ್ಯೂಗೋ ಪ್ರಶಸ್ತಿ ಪಡೆದ ‘ಆರ್ಕೈವ್ ಆಫ್ ಅವರ್ ಓನ್’ ಬಗ್ಗೆ ನನಗೆ ಅಪಾರ ಗೌರವ. ಅಲ್ಲಿ ಜಾಹೀರಾತಿಲ್ಲ, ವಕೀಲರಿಗೆ ಹೆದರಬೇಕಿಲ್ಲ. ಆದರೆ ಅಲ್ಲಿಯೂ ಉಳಿಯುವುದು ಕತೆಗಳು. ಬರೆದವಳ ಗೋಡೆ, ಆ ಗೋಡೆಯ ಮೇಲಿನ ಬೇರೆ ಬೇರೆ ಚಿತ್ರಗಳು ಉಳಿಯುವುದಿಲ್ಲ. ಒಳ್ಳೆಯ ಗ್ರಂಥಾಲಯ, ಆದರೆ ಮನೆಯಲ್ಲ.

ಕೋಷ್ಟಕದಿಂದ ‘ಇತರೆ’ ಕಾಲಂ ತೆಗೆದಿದ್ದೇನೆ. ಅದರೊಳಗಿದ್ದುದನ್ನೆಲ್ಲ ಒಂದೊಂದು ಪುಟಕ್ಕೆ ಒಂದೊಂದು ಪುಟ ವಿವರಣೆಯಾಗಿ ಬರೆಯುತ್ತಿದ್ದೇನೆ. ಕೆಲಸ ದುಪ್ಪಟ್ಟಾಗಿದೆ, ಅಧ್ಯಾಯ ಹರಡಿಕೊಂಡಿದೆ, ಮಾರ್ಗದರ್ಶಕರು ಈ ಸಲ ಏನೂ ಹೇಳದೆ ನಿಟ್ಟುಸಿರು ಬಿಟ್ಟರು. ಮುಂದಿನ ತಿಂಗಳು ಸಮಿತಿ ಮತ್ತೆ ಸೇರುತ್ತದೆ. ಫಾರ್ಮಿನಲ್ಲಿ ‘ಆಸಕ್ತಿಯ ಕ್ಷೇತ್ರ’ಕ್ಕೆ ಕೊಟ್ಟಿರುವುದು ಈಗಲೂ ಒಂದೇ ಸಾಲು. ಈ ಸಲ ಆ ಸಾಲಿನಲ್ಲಿ ‘ಹಿಂಬದಿ ನೋಡಿ’ ಎಂದು ಬರೆದು, ಹಾಳೆಯನ್ನು ತಿರುಗಿಸಿದ್ದೇನೆ.